ಉಪ್ಪು, ಸಂಪು, ಸಂಚಕಾರ: ದಿನದ ಮಾತಿನಲ್ಲಿ ದೇವರ ಮಾತು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳ ಎರಡನೇ ಭಾನುವಾರ, ಕನ್ನಡ ಆರಾಧನೆ ಮುಗಿದ ಮೇಲೆ, ಬೆಂಗಳೂರಿನ ನಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ ಹತ್ತು ಹದಿನೈದು ಮಂದಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತೇವೆ. ತಿಂಗಳಿಗೆ ಒಂದೇ ಪದ. ಅದು ಅಡುಗೆಮನೆಯದೋ, ರಸ್ತೆಯದೋ, ಬ್ಯಾಂಕಿನದೋ ಆಗಿರಬೇಕು. ಆ ಪದ ಸತ್ಯವೇದದಲ್ಲಿ ಎಲ್ಲೆಲ್ಲಿ ಬರುತ್ತದೆ, ಬಂದಲ್ಲಿ ಏನು ಮಾಡುತ್ತದೆ ಎಂದು ನೋಡುತ್ತೇವೆ. ನಾನು ಬೋಧಕನಲ್ಲ, ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆದ್ದರಿಂದ ಉತ್ತರಗಳನ್ನು ಬರೆದಿಟ್ಟಿದ್ದೇನೆ.

ದೇವರ ವಾಕ್ಯದಲ್ಲಿ ದೊಡ್ಡ ದೊಡ್ಡ ವಿಷಯಗಳಿರುವಾಗ ಉಪ್ಪು, ನೀರು, ಬಾಗಿಲು ಅಂತ ಯಾಕೆ ಕೂರಬೇಕು?

ಆ ದೊಡ್ಡ ವಿಷಯಗಳು ಬಂದಿದ್ದೇ ಈ ಸಣ್ಣ ಪದಗಳ ಹೆಗಲ ಮೇಲೆ. ಹೊಸ ಒಡಂಬಡಿಕೆಯ ಗ್ರೀಕ್ ಪಂಡಿತರ ಗ್ರೀಕ್ ಅಲ್ಲ. ಸಂತೆಯಲ್ಲಿ, ಬಂದರಿನಲ್ಲಿ, ಮನೆಗೆ ಬರೆಯುವ ಕಾಗದದಲ್ಲಿ ಬಳಸುತ್ತಿದ್ದ ಗ್ರೀಕ್. ಅದಕ್ಕೆ ‘ಕೊಯಿನೆ’ ಅನ್ನುತ್ತಾರೆ, ‘ಎಲ್ಲರದು’ ಎಂದರ್ಥ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರಳಿನಡಿ ಹಳೆಯ ಪಪೈರಸ್ ಕಾಗದಗಳು ರಾಶಿ ರಾಶಿ ಸಿಕ್ಕವು. ಬಾಡಿಗೆ ಕರಾರು, ತೆರಿಗೆ ರಸೀದಿ, ಅಪ್ಪನಿಗೆ ಮಗ ಬರೆದ ಪತ್ರ. ಅಲ್ಲಿಯವರೆಗೆ ‘ಪವಿತ್ರ ಪದ’ ಎಂದುಕೊಂಡಿದ್ದ ಎಷ್ಟೋ ಮಾತುಗಳು ಅವುಗಳಲ್ಲಿ ಲೆಕ್ಕ ಬರೆಯುತ್ತ ಕೂತಿದ್ದವು.

ಹೀಬ್ರೂದಲ್ಲಿ ‘ದಾವಾರ್’ ಅಂದರೆ ಮಾತು. ಅದೇ ಪದಕ್ಕೆ ವಿಷಯ, ಸಂಗತಿ ಎಂಬ ಅರ್ಥವೂ ಇದೆ. ಇಂಗ್ಲಿಷಿನಲ್ಲಿ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ನಮಗೆ ಬೇಕಿಲ್ಲ. “ಅದು ಬೇರೆ ಮಾತು”, “ಹಣದ ಮಾತು ಆಮೇಲೆ” ಎಂದು ದಿನವೂ ಹೇಳುವ ನಮಗೆ ಮಾತು ಎಂದರೆ ಬರೀ ಸದ್ದಲ್ಲ ಎಂಬುದು ಹುಟ್ಟಿನಿಂದ ಗೊತ್ತು. “ಆದಿಯಲ್ಲಿ ವಾಕ್ಯವಿತ್ತು” ಎಂಬ ಯೋಹಾನನ ಮೊದಲ ಸಾಲನ್ನು ಓದುವಾಗ ಇದು ನೆನಪಿರಲಿ.

ಮೊದಲ ಪದವಾಗಿ ಯಾವುದನ್ನು ತೆಗೆದುಕೊಳ್ಳಲಿ?

ಉಪ್ಪು. ಕಣ್ಣು ಮುಚ್ಚಿಕೊಂಡು ಉಪ್ಪನ್ನೇ ತೆಗೆದುಕೊಳ್ಳಿ.

“ನೀವು ಭೂಮಿಗೆ ಉಪ್ಪಾಗಿದ್ದೀರಿ” ಎಂಬುದು ಎಲ್ಲರ ಬಾಯಲ್ಲೂ ಇದೆ. ಅದರ ಮೇಲೆ ಬರುವ ಪ್ರಸಂಗಗಳಲ್ಲಿ ಉಪ್ಪು ರುಚಿ ಕೊಡುತ್ತದೆ, ಕೆಡದಂತೆ ಕಾಯುತ್ತದೆ ಎಂಬ ಎರಡು ಮಾತು ತಪ್ಪುವುದಿಲ್ಲ. ಎರಡೂ ಸರಿಯೇ. ಆದರೆ ಕನ್ನಡದವನಿಗೆ ಉಪ್ಪು ಎಂದೊಡನೆ ಮೊದಲು ನೆನಪಾಗುವುದು ರುಚಿಯಲ್ಲ, ಋಣ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂದು ಬೆಳೆದವರು ನಾವು. ಇದು ಬರೀ ನಮ್ಮೂರಿನ ಮಾತೇ? ಎಜ್ರನ ಪುಸ್ತಕ 4:14 ತೆರೆದು ನೋಡಿ. ಪಾರಸಿಯ ಅರಸನಿಗೆ ದೂರು ಬರೆಯುವ ಅಧಿಕಾರಿಗಳು ತಾವು ಯಾಕೆ ಸುಮ್ಮನಿರಲಾರೆವು ಎಂಬುದಕ್ಕೆ ಕೊಡುವ ಕಾರಣ, ತಾವು ಅರಮನೆಯ ಉಪ್ಪು ತಿಂದವರು! ಮೂಲದಲ್ಲಿ ಅದು ಅರಾಮಿಕ್ ಭಾಷೆ. ಅದರ ಮೇಲೆ ನಮ್ಮ ಗಾದೆಯನ್ನಿಟ್ಟರೆ ಅಂಚಿಗೆ ಅಂಚು ಕೂರುತ್ತದೆ.

ಅಲ್ಲಿಂದ ಅರಣ್ಯಕಾಂಡ 18:19ಕ್ಕೆ ಹೋದರೆ ದೇವರು ಯಾಜಕರೊಡನೆ ಮಾಡಿದ್ದು ಉಪ್ಪಿನ ಒಡಂಬಡಿಕೆ. ಯಾಜಕಕಾಂಡ 2:13ರಲ್ಲಿ ಧಾನ್ಯದ ನೈವೇದ್ಯ ಉಪ್ಪಿಲ್ಲದೆ ಸಲ್ಲದು. ಇಷ್ಟನ್ನೂ ಓದಿಕೊಂಡು ಮತ್ತಾಯ 5:13ಕ್ಕೆ ಮರಳಿ ಬಂದರೆ, ‘ನೀವು ಉಪ್ಪು’ ಎಂಬುದು ‘ನೀವು ಉಪಯೋಗಕ್ಕೆ ಬರುವವರು’ ಎಂಬುದಕ್ಕಿಂತ ದೊಡ್ಡದಾಗುತ್ತದೆ. ನಿಮ್ಮನ್ನು ತಿಂದ ಲೋಕಕ್ಕೂ ನಿಮಗೂ ನಡುವೆ ಒಂದು ನಿಷ್ಠೆ ಹುಟ್ಟಬೇಕು ಎಂದು ನನಗೆ ಕೇಳಿಸುತ್ತದೆ. ಇದು ನನ್ನ ಓದು. ಗುಂಪಿನಲ್ಲಿ ಇಬ್ಬರು ಇದನ್ನು ಒಪ್ಪುವುದಿಲ್ಲ.

ಅದೇ ವಚನದಲ್ಲಿ ಇನ್ನೊಂದು ತಮಾಷೆಯಿದೆ. ಉಪ್ಪು ‘ಸಪ್ಪಗಾದರೆ’ ಎಂದು ಕನ್ನಡದಲ್ಲಿದೆ. ಅಲ್ಲಿಯ ಗ್ರೀಕ್ ಕ್ರಿಯಾಪದದ ನೇರ ಅರ್ಥ ‘ದಡ್ಡತನಕ್ಕೆ ಬೀಳು’. ಹೀಬ್ರೂದಲ್ಲಿಯೂ ರುಚಿಯಿಲ್ಲದ್ದಕ್ಕೂ ಹುರುಳಿಲ್ಲದ ಮಾತಿಗೂ ಒಂದೇ ಪದ. ನಾವೂ ಸಾರಿಗೆ ಸಪ್ಪೆ ಅನ್ನುತ್ತೇವೆ, ಭಾಷಣಕ್ಕೂ ಸಪ್ಪೆ ಅನ್ನುತ್ತೇವೆ.

ಬೆಂಗಳೂರಿನಲ್ಲಿ ಬೆಳೆದವರು ಬಾವಿಯನ್ನೇ ನೋಡಿಲ್ಲ. ಸಮಾರ್ಯದ ಹೆಂಗಸಿನ ಕಥೆ ನಮಗೆ ಹೇಗೆ ಮುಟ್ಟಬೇಕು?

ಬಾವಿ ನೋಡದಿದ್ದರೇನು, ಟ್ಯಾಂಕರ್ ನೋಡಿದ್ದೀರಲ್ಲ.

ಬಾವಿಗೆ ನೀರು ಸೇದಲು ಬಂದ ಹೆಂಗಸಿಗೆ ಯೇಸು ಕೊಡುತ್ತೇನೆಂದದ್ದು ‘ಜೀವಕರವಾದ ನೀರು’. ಆ ಮಾತು ಕೇಳಿದೊಡನೆ ನಾವು ನೇರ ಆಕಾಶಕ್ಕೆ ಹಾರಿಬಿಡುತ್ತೇವೆ. ಆ ಹೆಂಗಸು ಹಾರಲಿಲ್ಲ. ಅವಳ ಕಾಲದಲ್ಲಿ ‘ಜೀವದ ನೀರು’ ಎಂಬುದು ದಿನಬಳಕೆಯ ಮಾತು. ಹರಿಯುವ ನೀರು, ಬುಗ್ಗೆಯ ನೀರು ಎಂದರ್ಥ. ನಿಂತ ನೀರು ಸತ್ತ ನೀರು. ಅದಕ್ಕೇ ಅವಳು ಯೋಹಾನ 4:11ರಲ್ಲಿ ಅಷ್ಟು ವ್ಯಾವಹಾರಿಕವಾಗಿ ಕೇಳುತ್ತಾಳೆ: ಸೇದುವುದಕ್ಕೆ ನಿನ್ನ ಹತ್ತಿರ ಏನೂ ಇಲ್ಲ, ಬಾವಿ ಆಳವಾಗಿದೆ, ಎಲ್ಲಿಂದ ತರುತ್ತೀಯ? ನಮ್ಮ ಬೀದಿಯ ಯಾವ ಹೆಂಗಸು ಕೇಳಿದರೂ ಇದನ್ನೇ ಕೇಳುತ್ತಾಳೆ.

ಈಗ ಯೆರೆಮೀಯ 2:13. ಬುಗ್ಗೆಯಾದ ನನ್ನನ್ನು ಬಿಟ್ಟು, ನೀರು ನಿಲ್ಲದ ಬಿರುಕು ತೊಟ್ಟಿಗಳನ್ನು ತೋಡಿಕೊಂಡಿದ್ದಾರೆ ಎಂದು ದೇವರ ದೂರು. ತೊಟ್ಟಿ ಎಂದರೆ ಈಗಿನ ಮಕ್ಕಳಿಗೆ ಕಸದ ತೊಟ್ಟಿ. ಅದನ್ನು ‘ಸಂಪು’ ಎಂದು ಓದಿ ಹೇಳಿದೆ. ಕೋಣೆಯಲ್ಲಿ ಎಲ್ಲರೂ ಒಮ್ಮೆಲೇ ನೆಟ್ಟಗೆ ಕೂತರು. ಸೋರುವ ಸಂಪು ಎಂದರೇನು ಎಂದು ಬೆಂಗಳೂರಿನವರಿಗೆ ಹೇಳಿಕೊಡಬೇಕೇ? ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಹಾಕಿ ಮೇಲೆತ್ತಿ ತಂದ ಕಾವೇರಿ ನೀರು. ಮೂರು ದಿನಕ್ಕೊಮ್ಮೆ ಬಂದದ್ದು. ಬೆಳಿಗ್ಗೆ ಎದ್ದು ಮುಚ್ಚಳ ತೆಗೆದರೆ ತಳ ಕಾಣುತ್ತಿದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ಹಿಂದೆ ಓಡಿದವರು ನಮ್ಮ ಗುಂಪಿನಲ್ಲೇ ಇದ್ದಾರೆ. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದಾಗ ಒಬ್ಬ ಅಕ್ಕ ಪ್ರಾರ್ಥನೆಯಲ್ಲೇ ಸ್ತೋತ್ರ ಹೇಳಿಬಿಟ್ಟರು. ನಾವು ನಕ್ಕೆವು, ಅವರು ನಗಲಿಲ್ಲ.

ಅದೇ ಅಕ್ಕ ಯೋಹಾನ 4:28ರಲ್ಲಿ ನಾನು ಇಷ್ಟು ವರ್ಷ ಕಾಣದ್ದನ್ನು ಕಂಡರು. ಹೆಂಗಸು ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋದಳು. “ನಲ್ಲಿ ಹತ್ತಿರ ಕೊಡ ಬಿಟ್ಟು ಯಾರಾದರೂ ಹೋಗ್ತಾರಾ ಅಣ್ಣ? ಸಾಲು ತಪ್ಪಲ್ವಾ?” ಎಂದು ಕೇಳಿದರು. ಸಾಲಿನಲ್ಲಿ ನಿಂತು ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ನಮ್ಮ ಬೈಬಲಿನ ಕನ್ನಡ ತೀರಾ ಹಳೆಯದು. ಅರ್ಥವೇ ತಲೆಕೆಳಗಾಗುತ್ತದೆ. ಏನು ಮಾಡುವುದು?

ತಲೆಕೆಳಗಾದ ಕಡೆಯೇ ನಿಲ್ಲಿ. ಅಲ್ಲಿ ಏನೋ ಇರುತ್ತದೆ.

ಒಂದು ಭಾನುವಾರ ಸಾಫ್ಟ್‌ವೇರ್ ಕಂಪನಿಯ ಹುಡುಗನೊಬ್ಬ ಪೌಲ ಎಫೆಸದವರಿಗೆ ಬರೆದ ಪತ್ರದ ಮೊದಲನೇ ಅಧ್ಯಾಯ ಓದುತ್ತಿದ್ದ. 14ನೇ ವಚನಕ್ಕೆ ಬಂದು ಗಕ್ಕನೆ ನಿಂತ. ಪವಿತ್ರಾತ್ಮನು ನಮ್ಮ ಬಾಧ್ಯತೆಗೆ, ಅಂದರೆ ನಮಗೆ ಬರಬೇಕಾದ ಆಸ್ತಿಗೆ, ‘ಸಂಚಕಾರ’ವಾಗಿದ್ದಾನೆ ಎಂದಿದೆ. “ಅಂಕಲ್, ಸಂಚಕಾರ ಅಂದ್ರೆ ಅಪಾಯ ಅಲ್ವಾ? ಜೀವಕ್ಕೆ ಸಂಚಕಾರ, ಕುರ್ಚಿಗೆ ಸಂಚಕಾರ ಅಂತಾರೆ. ಪವಿತ್ರಾತ್ಮ ಬಂದರೆ ಆಸ್ತಿಗೆ ಅಪಾಯವಾ?”

ಪತ್ರಿಕೆ ಓದಿ ಕನ್ನಡ ಕಲಿತವನ ಪ್ರಶ್ನೆ ಪೂರ್ತಿ ನ್ಯಾಯವಾದದ್ದು. ಉತ್ತರ ಕೊಟ್ಟದ್ದು ನಾನಲ್ಲ, ದೊಡ್ಡಬಳ್ಳಾಪುರದ ಕಡೆಯ ಒಬ್ಬ ಅಜ್ಜಿ. ಅವರ ತಂದೆ ಘಾಟಿ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಹೋಗುತ್ತಿದ್ದರಂತೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿದ ಮೇಲೆ, ಪೂರ್ತಿ ದುಡ್ಡು ಕೈಯಲ್ಲಿಲ್ಲದಿದ್ದರೆ ಒಂದಿಷ್ಟನ್ನು ಸಂಚಕಾರ ಕೊಟ್ಟು ಬರುತ್ತಿದ್ದರು. ಕೊಟ್ಟ ಮೇಲೆ ಆ ಜೋಡಿಯನ್ನು ಮಾರುವವನು ಬೇರೆಯವರಿಗೆ ತೋರಿಸುವಂತಿಲ್ಲ. ಮುಂಗಡ, ಒಪ್ಪಂದದ ಗುರುತು. ಸಂಚಕಾರದ ಹಳೆಯ ಅರ್ಥ ಇದೇ.

ಮೂಲದ ಗ್ರೀಕ್ ಪದ ‘ಅರ್ರಬೋನ್’ ಕೂಡ ಸಂತೆಯದೇ. ಅದು ಗ್ರೀಕರಿಗೆ ಪೂರ್ವದ ವ್ಯಾಪಾರಿಗಳ ಜೊತೆ ಬಂದ ಎರವಲು ಮಾತು. ಆದಿಕಾಂಡ 38ರಲ್ಲಿ ಯೆಹೂದನು ತಾಮಾರಳ ಕೈಯಲ್ಲಿ ಒತ್ತೆಯಿಡುವ ಕಡೆ ಅದರ ಹೀಬ್ರೂ ರೂಪವಿದೆ. ಇಂದಿನ ಗ್ರೀಕಿನಲ್ಲಿ ಅದೇ ಪದ ಮದುವೆ ನಿಶ್ಚಯಕ್ಕೆ ಬಳಕೆಯಾಗುತ್ತದೆ.

ಹಾಗಾದರೆ ‘ಅಡ್ವಾನ್ಸ್’ ಅನ್ನಬಹುದೇ ಎಂದು ಹುಡುಗ ಕೇಳಿದ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಬೆಂಗಳೂರಿನಲ್ಲಿ ಅಡ್ವಾನ್ಸ್ ಎಂದರೆ ಮನೆ ಬಾಡಿಗೆಯ ಹತ್ತು ತಿಂಗಳ ಗಂಟು. ಖಾಲಿ ಮಾಡುವಾಗ ಬಣ್ಣದ ಖರ್ಚು ಹಿಡಿದು, ಉಳಿದದ್ದನ್ನು ಅರೆಮನಸ್ಸಿನಿಂದ ವಾಪಸ್ ಕೊಡುತ್ತಾರೆ. ಪೌಲ ಹೇಳಿದ್ದು ಅದನ್ನಲ್ಲ. ಸೈಟು ಕೊಳ್ಳುವಾಗ ಮೊದಲು ಕೊಡುವ ‘ಟೋಕನ್’ ಇದೆಯಲ್ಲ, ಅದು. ಟೋಕನ್ ವಾಪಸ್ ಬರುವ ಹಣವಲ್ಲ. ಬೆಲೆಯದೇ ಮೊದಲ ಕಂತು. ಕೊಟ್ಟವನು ಹಿಂದೆ ಸರಿದರೆ ನಷ್ಟ ಕೊಟ್ಟವನಿಗೇ. ಅಂದರೆ ಈ ವ್ಯವಹಾರದಲ್ಲಿ ಕಟ್ಟಿಹಾಕಿಸಿಕೊಂಡವನು ದೇವರು. ಸಾಲ ವಿಭಾಗದಲ್ಲಿದ್ದಾಗ ನಾನು ಜಾಮೀನು ಕೇಳುತ್ತಿದ್ದದ್ದು ಯಾವಾಗಲೂ ಬಡವನ ಹತ್ತಿರ, ಎಂದೂ ಬ್ಯಾಂಕಿನ ಹತ್ತಿರ ಅಲ್ಲ. ಆ ರಾತ್ರಿ ನಿದ್ದೆ ಬರಲು ಹೊತ್ತಾಯಿತು.

ಹಾಗಾದರೆ ಯಾವ ಅನುವಾದ ಓದಬೇಕು?

ಎರಡನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ. ಇಡೀ ಬೈಬಲ್ ಕನ್ನಡಕ್ಕೆ ಮೊದಲು ಬಂದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರು ವರ್ಷಗಟ್ಟಲೆ ದುಡಿದು 1831ರ ಹೊತ್ತಿಗೆ ಮುಗಿಸಿದರು. ಆಮೇಲೆ ತಿದ್ದುಪಡಿಗಳು ನಡೆದವು. ಬೈಬಲ್ ಸೊಸೈಟಿಯ ‘ಸತ್ಯವೇದವು’ ನಮ್ಮ ಪೀಠದ ಮೇಲಿರುವುದು. ಕಥೋಲಿಕ ಸ್ನೇಹಿತರ ಮಾತು ಬೇರೆ: ನಾವು ಸುವಾರ್ತೆ ಎಂದರೆ ಅವರು ಶುಭಸಂದೇಶ, ನಾವು ಕರ್ತನ ಭೋಜನ ಎಂದರೆ ಅವರು ಪರಮಪ್ರಸಾದ. ಇಪ್ಪತ್ಮೂರನೇ ಕೀರ್ತನೆಯಲ್ಲಿ ನಮಗೆ ‘ಕುರುಬ’, ಅವರಿಗೆ ‘ಕುರಿಗಾಹಿ’. ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿ ಅಂಗಡಿಯಲ್ಲಿ ಬೇರೆ ಬೇರೆ ಮುದ್ರಣಗಳನ್ನು ಕೈಯಲ್ಲಿ ಹಿಡಿದು ನೋಡಬಹುದು.

ಗ್ರೀಕ್, ಹೀಬ್ರೂ ಕಲಿಯಲೇಬೇಕಾ?

ಬೇಡ. ಕಲಿತರೆ ಸಂತೋಷ. ನಾನು ಅಕ್ಷರ ಗುರುತಿಸುವಷ್ಟು ಕಲಿತು ನಿಲ್ಲಿಸಿದೆ.

ಅದಕ್ಕಿಂತ ಮೊದಲು ಕನ್ನಡ ಚೆನ್ನಾಗಿ ಕಲಿಯಿರಿ ಎನ್ನುತ್ತೇನೆ. ಫರ್ಡಿನೆಂಡ್ ಕಿಟೆಲ್ ಎಂಬ ಜರ್ಮನ್ ಮಿಷನರಿ 1894ರಲ್ಲಿ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಬೋಧಿಸಲು ಬಂದವನು ಬದುಕಿನ ಬಹುಪಾಲನ್ನು ಒಕ್ಕಲಿಗರ, ಕುಂಬಾರರ, ಅಡುಗೆಯವರ ಮಾತು ಆಯುವುದರಲ್ಲಿ ಕಳೆದ. ಅವನ ಪ್ರತಿಮೆ ಎಂ.ಜಿ. ರಸ್ತೆಯಲ್ಲಿದೆ, ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದಾನೆ. ಆ ನಿಘಂಟಿನಲ್ಲಿ ಒಂದು ಪದ ಹುಡುಕಲು ಹೋದರೆ ಅರ್ಧ ಗಂಟೆ ಹಿಂದಿರುಗುವುದಿಲ್ಲ, ಮೊದಲೇ ಹೇಳಿದ್ದೇನೆ.

‘ಮನ್ನ’ ಎಂಬುದೇ ನಮ್ಮ ‘ಅನ್ನ’ ಅಂತೆ, ನಿಜವಾ?

ಅಲ್ಲ. ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ವಾಟ್ಸ್ಆ್ಯಪ್‌ನಲ್ಲಂತೂ ತಿಂಗಳಿಗೊಮ್ಮೆ. ‘ಅನ್ನ’ ಸಂಸ್ಕೃತದ ‘ಅದ್’ ಧಾತುವಿನದು, ತಿನ್ನು ಎಂದರ್ಥ. ಮನ್ನಕ್ಕೆ ವಿಮೋಚನಕಾಂಡ 16:15 ತನ್ನದೇ ಕಾರಣ ಕೊಡುತ್ತದೆ: ಬೆಳಗ್ಗೆ ನೆಲದ ಮೇಲೆ ಬಿದ್ದಿದ್ದನ್ನು ಕಂಡ ಜನ ‘ಮಾನ್ ಹೂ’, ಇದೇನು ಎಂದು ಕೇಳಿದರು. ‘ಇದೇನಪ್ಪ’ ಎಂಬುದೇ ತಿಂಡಿಯ ಹೆಸರಾಯಿತು. ಪ್ರಾಸ ಸಿಕ್ಕಿತೆಂದು ಈ ಸೊಗಸನ್ನು ಯಾಕೆ ಕಳೆದುಕೊಳ್ಳಬೇಕು?

ನಮ್ಮೂರಿಗೂ ಹೀಗೊಂದು ಕಥೆಯಿದೆಯಲ್ಲ. ದಣಿದ ಬಲ್ಲಾಳರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂದು. ಕೇಳಲು ಹಿತ. ಆದರೆ ಹೊಯ್ಸಳ ಬಲ್ಲಾಳನಿಗಿಂತ ಬಹಳ ಹಿಂದೆ, ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲೇ ‘ಬೆಂಗಳೂರು ಕಾಳಗ’ ಎಂದು ಕೆತ್ತಿದೆ. ಅಜ್ಜಿ ಕಾಳು ಬೇಯಿಸುವ ಮೊದಲೇ ಊರಿಗೆ ಹೆಸರಿತ್ತು. ಕಥೆಯನ್ನು ಕಥೆಯಾಗಿ ಪ್ರೀತಿಸಿ, ಸಾಕ್ಷಿಯಾಗಿ ನಿಲ್ಲಿಸಬೇಡಿ.

ಜೇಮ್ಸ್ ಬಾರ್ ಎಂಬ ವಿದ್ವಾಂಸರು 1961ರಲ್ಲೇ ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದನ್ನು ಹೇಳಿದರು. ಒಂದು ಪದಕ್ಕೆ ಐದು ಅರ್ಥವಿದ್ದರೆ, ಅದು ಬಂದ ಪ್ರತಿ ವಚನದಲ್ಲೂ ಐದನ್ನೂ ಒಟ್ಟಿಗೆ ತುರುಕುವುದು. ‘ಕಾಲು ಕೇಜಿ’ ಕೇಳಿದವನಿಗೆ ಯಾರೂ ಪಾದ ತೂಗಿ ಕೊಡುವುದಿಲ್ಲ. ನಮ್ಮ ಗುಂಪಿನ ಒಂದೇ ನಿಯಮ: ಮೊದಲು ಪದಕ್ಕೆ ಆ ಸಾಲಿನಲ್ಲಿರುವ ಸಾದಾ ಅರ್ಥ ಕೊಡಿ. ಅದಾದ ಮೇಲೆ ಧ್ಯಾನ.

ಶಿಲುಬೆಯ ಮೇಲಿನ ‘ತೀರಿತು’ ಎಂಬುದು ಸಾಲದ ರಸೀದಿಯ ಮಾತು ಎಂದು ಪ್ರಸಂಗದಲ್ಲಿ ಕೇಳಿದ್ದೇನೆ. ಸರಿಯೇ?

ಅರ್ಧ ಸರಿ. ಹಳೆಯ ತೆರಿಗೆ ರಸೀದಿಗಳ ಮೇಲೆ ಇದೇ ಪದ ಬರೆದಿರುತ್ತಿತ್ತು ಎಂಬ ಮಾತು ವೇದಿಕೆಯಿಂದ ವೇದಿಕೆಗೆ ಹರಿದಾಡುತ್ತದೆ. ಆ ಪಪೈರಸ್‌ಗಳಲ್ಲಿದ್ದ ಒಂದು ಸಂಕ್ಷೇಪಾಕ್ಷರವನ್ನು ಓದಿದ ರೀತಿಯ ಬಗ್ಗೆಯೇ ವಿದ್ವಾಂಸರ ತಕರಾರಿದೆ. ಅದನ್ನು ಆಧಾರವಾಗಿ ಹಿಡಿಯಬೇಡಿ. ಹಿಡಿಯುವ ಅಗತ್ಯವೂ ಇಲ್ಲ. ಯೋಹಾನ 19:30ರ ಆ ಕ್ರಿಯಾಪದಕ್ಕೆ ಮುಗಿಸು, ಗುರಿ ಮುಟ್ಟಿಸು ಎಂಬ ಅರ್ಥಗಳ ಜೊತೆ ಸಲ್ಲಿಸು ಎಂಬುದೂ ಇದೆ. ಮತ್ತಾಯ 17:24ರಲ್ಲಿ ದೇವಾಲಯದ ತೆರಿಗೆ ‘ಕಟ್ಟುವುದಿಲ್ಲವೋ’ ಎಂದು ಕೇಳುವಾಗ ಇರುವುದು ಅದೇ ಕ್ರಿಯಾಪದ.

ಆದರೆ ಕನ್ನಡಕ್ಕೆ ತಂದವರು ‘ಮುಗಿಯಿತು’ ಎಂದು ಬರೆಯಬಹುದಿತ್ತು, ಬರೆಯಲಿಲ್ಲ. ‘ತೀರಿತು’ ಎಂದು ಬರೆದರು. ಸಾಲ ತೀರುತ್ತದೆ. ದಾಹ ತೀರುತ್ತದೆ. ಅಜ್ಜ ತೀರಿಕೊಳ್ಳುತ್ತಾರೆ. ಎರಡು ವಚನ ಹಿಂದೆ ತಾನೇ ಯೇಸು ನೀರಡಿಕೆ ಎಂದದ್ದು. ಈಗ ಪ್ರಾಣ ಬಿಡುತ್ತಿರುವುದು. ನಡುವೆ ಈ ಮೂರಕ್ಷರ. ಐದರ್ಥ ತುರುಕಬೇಡಿ ಎಂದು ಮೇಲೆ ಹೇಳಿದವನು ನಾನೇ, ಗೊತ್ತು. ಇಲ್ಲಿ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಸಾಲದ ಮಾತು ಬಂದದ್ದರಿಂದ ಇದೂ ಇರಲಿ. ಕರ್ತನ ಪ್ರಾರ್ಥನೆಯಲ್ಲಿ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎನ್ನುತ್ತೇವಲ್ಲ, ಮತ್ತಾಯನ ಗ್ರೀಕಿನಲ್ಲಿ ಅದು ‘ಸಾಲಗಳನ್ನು’. ಯೇಸು ಆಡುತ್ತಿದ್ದ ಅರಾಮಿಕ್‌ನಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಪದ. ಮತ್ತಾಯ 18ರಲ್ಲಿ ಅರಸನು ಆಳೊಬ್ಬನ ಸಾಲ ಬಿಟ್ಟುಬಿಡುತ್ತಾನೆ, ಆ ಆಳು ತನಗೆ ಸಾಲ ಕೊಡಬೇಕಿದ್ದ ಜೊತೆಯ ಆಳನ್ನು ಬಿಡುವುದಿಲ್ಲ. ಆ ಕಥೆಯ ಲೆಕ್ಕ ಹಾಕಿ ನೋಡಿ: ದಿನಗೂಲಿ ಒಂದು ದಿನಾರಿ, ಒಂದು ತಲಾಂತಿಗೆ 6,000 ದಿನಾರಿ. ಆ ಆಳಿನ ಮೇಲಿದ್ದ 10,000 ತಲಾಂತು ಎಂದರೆ 6 ಕೋಟಿ ದಿನಗಳ ಕೂಲಿ. ಅವನು ಜೊತೆಯವನ ಕುತ್ತಿಗೆ ಹಿಸುಕಿ ಕೇಳಿದ್ದು ನೂರು ದಿನದ ಕೂಲಿ. ಆರು ಕೋಟಿ ದಿನದ ಸಾಲಕ್ಕೆ ‘ಸ್ವಲ್ಪ ತಾಳಿಕೋ, ಎಲ್ಲಾ ತೀರಿಸುತ್ತೇನೆ’ ಎನ್ನುತ್ತಾನಲ್ಲ, ಆ ಮಾತನ್ನು ನನ್ನ ಮೇಜಿನ ಎದುರು ಕೂತು ಹೇಳಿದವರ ಮುಖಗಳು ಇನ್ನೂ ಕಣ್ಣಮುಂದಿವೆ.

ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ವಚನವೇ ನನಗೆ ದೇವರ ಮಾತು ಎಂದುಕೊಳ್ಳಬಹುದಾ?

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ, ಹೊಸ ವರ್ಷಕ್ಕೆಂದು ಒಂದು ವಚನ ಅಚ್ಚು ಹಾಕಿದ ವಾಗ್ದಾನದ ಕಾರ್ಡ್ ಎತ್ತಿಕೊಳ್ಳುವುದು ನನಗೂ ಇಷ್ಟ. ನನ್ನ ಹೆಂಡತಿಯ ಕಾರ್ಡ್ ಯಾವಾಗಲೂ ನನ್ನದಕ್ಕಿಂತ ಚೆನ್ನಾಗಿರುತ್ತದೆ, ಅದು ಬೇರೆ ಮಾತು. ಆದರೆ ಕಾರ್ಡಿನ ಹಿಂದೆ ಒಂದು ಅಧ್ಯಾಯವಿದೆ. ಎಲ್ಲರಿಗೂ ಪ್ರಿಯವಾದ ಯೆರೆಮೀಯ 29:11, ನಿಮ್ಮ ವಿಷಯದಲ್ಲಿ ನನ್ನ ಯೋಚನೆಗಳು ಹಿತದ್ದು ಎಂಬುದು, ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದದ ಒಂದು ಸಾಲು. ಅದರ ಹಿಂದಿನ ಸಾಲು ಎಪ್ಪತ್ತು ವರ್ಷ ಕಾಯಿರಿ ಎನ್ನುತ್ತದೆ. ಅದನ್ನು ಯಾರೂ ಕಾರ್ಡಿನಲ್ಲಿ ಅಚ್ಚು ಹಾಕಿಸುವುದಿಲ್ಲ.

ಮೇಲೆ ಹೋಗಿ 7ನೇ ವಚನ ಓದಿ. ನೀವು ಹೋಗಿ ಸೇರಿದ ಪಟ್ಟಣದ ಕ್ಷೇಮವನ್ನು ಹಾರೈಸಿರಿ, ಅದರ ಕ್ಷೇಮವೇ ನಿಮ್ಮ ಕ್ಷೇಮ. ಅಲ್ಲಿ ಮೂರು ಸಲವೂ ಮೂಲದಲ್ಲಿರುವುದು ‘ಶಾಲೋಮ್’; 11ರ ‘ಹಿತ’ವೂ ಅದೇ. ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ಪ್ರತಿ ಕಾಗದ “ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ” ಎಂದೇ ಶುರುವಾಗುತ್ತಿತ್ತು. ಕೋಲಾರದಿಂದಲೋ ಕಲಬುರಗಿಯಿಂದಲೋ ಬಂದು, ಈ ಊರು ನಮ್ಮದಲ್ಲ ಎಂದು ವರ್ಷಗಟ್ಟಲೆ ಗೊಣಗುವವರಿಗೆ ಇದಕ್ಕಿಂತ ನೇರವಾದ ಕಾಗದ ಬೇರೆ ಬಂದಿಲ್ಲ.

‘ಗಾಳಿ’ ಎಂಬ ಪದವನ್ನು ಚರ್ಚಿನಲ್ಲಿ ತೆಗೆದುಕೊಂಡರೆ ತಪ್ಪಾಗುವುದಿಲ್ಲವೇ? ನಮ್ಮ ಕಡೆ ಗಾಳಿ ಎಂದರೆ ಬೇರೆ.

ತಪ್ಪಿಲ್ಲ. ಹುಣಸೆಮರದ ಕೆಳಗೆ ಹೊತ್ತು ಮುಳುಗಿದ ಮೇಲೆ ಹೋದರೆ ಗಾಳಿ ಸೋಕುತ್ತದೆ ಎಂದು ನನಗೂ ಹೆದರಿಸಿದ್ದರು. ಹೀಬ್ರೂದ ‘ರೂಆಖ್’, ಗ್ರೀಕಿನ ‘ಪ್ನ್ಯೂಮ’ ಎರಡಕ್ಕೂ ಗಾಳಿ, ಉಸಿರು, ಆತ್ಮ ಎಂಬ ಮೂರೂ ಅರ್ಥ. ಯೋಹಾನ 3:8ರಲ್ಲಿ ಒಂದೇ ಪದ ಮೊದಲು ಬೀಸುವ ಗಾಳಿಯಾಗಿ, ಕೊನೆಗೆ ಆತ್ಮವಾಗಿ ಬರುತ್ತದೆ. ಕನ್ನಡ ಎರಡು ಪದ ಬಳಸಬೇಕಾಯಿತು. ಪುಸ್ತಕದ ಕನ್ನಡ ಬೇರೆ ಮಾಡಿದ್ದನ್ನು ಹಳ್ಳಿಯ ಕನ್ನಡ ಒಟ್ಟಿಗೇ ಇಟ್ಟುಕೊಂಡಿದೆ: ಕಾಣದ್ದು, ಮೈಮೇಲೆ ಬರುವುದು, ಹಿಡಿತಕ್ಕೆ ಸಿಗದ್ದು. ನಾವು ಕೇಳಿಕೊಂಡದ್ದು ಇಷ್ಟೇ, ಗಾಳಿಯೆಂದರೆ ಹೆದರಿಕೆ ಮಾತ್ರ ಯಾಕೆ ನಮ್ಮಲ್ಲಿ ಉಳಿಯಿತು? ಯೆಹೆಜ್ಕೇಲ 37ರಲ್ಲಿ ಅದೇ ಗಾಳಿ ಒಣ ಮೂಳೆಗಳನ್ನು ಎಬ್ಬಿಸಿ ನಿಲ್ಲಿಸುತ್ತದೆ.

ನನಗೆ ಕೂತು ಓದಲು ಸಮಯವೇ ಇಲ್ಲ. ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಹೋಗುತ್ತದೆ.

ಒಂದು ಪದ ಹಿಡಿದುಕೊಂಡು ಹೋಗಿ. ಮೊದಲನೇ ಕೀರ್ತನೆಯಲ್ಲಿ ಹಗಲಿರುಳು ‘ಧ್ಯಾನಿಸುವುದು’ ಎಂದಿರುವ ಕಡೆ ಹೀಬ್ರೂ ಪದ ಗುನುಗುವುದು, ಗುರುಗುಟ್ಟುವುದು. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ಸಿಂಹ ಗುರುಗುಟ್ಟುವುದಕ್ಕೂ ಅದೇ ಪದ. ಕಣ್ಣುಮುಚ್ಚಿ ಪದ್ಮಾಸನ ಹಾಕಬೇಕಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬಾಯೊಳಗೇ ಹೇಳಿಕೊಂಡರೂ ಆಯಿತು. ಹಳೆಯ ಸನ್ಯಾಸಿಗಳು ಇದನ್ನು ದನ ಮೆಲುಕು ಹಾಕುವುದಕ್ಕೆ ಹೋಲಿಸುತ್ತಿದ್ದರು. ಕನ್ನಡದಲ್ಲಿ ನೆನಪನ್ನೂ ನಾವು ಮೆಲುಕೇ ಹಾಕುವುದು.

ಮೆಟ್ರೋದಲ್ಲಿ ಹೋಗುವವರಾದರೆ ಪದ ತಾನಾಗಿ ಸಿಗುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಯಿಸುತ್ತೀರಿ. “ನಾನೇ ಮಾರ್ಗ” ಎಂದವನ ಮೊದಲ ಶಿಷ್ಯರನ್ನು ಜನ ಕರೆಯುತ್ತಿದ್ದದ್ದೂ ‘ಆ ಮಾರ್ಗದವರು’ ಎಂದೇ (ಅಪೊಸ್ತಲರ ಕೃತ್ಯಗಳು 9:2). ಗಾಡಿ ಓಡಿಸುವವರಿಗೆ ನಮ್ಮ ಗುಂಪಿನ ಒಬ್ಬ ಕ್ಯಾಬ್ ಚಾಲಕರ ಕೊಡುಗೆ: ಪಶ್ಚಾತ್ತಾಪ ಪಡಿರಿ ಎಂಬ ಕಡೆ ಸತ್ಯವೇದದಲ್ಲಿ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂದಿದೆ. “ರಿಂಗ್ ರೋಡಲ್ಲಿ ಯೂ ಟರ್ನ್ ತಪ್ಪಿಸಿಕೊಂಡ್ರೆ ಅಳ್ತಾ ಕೂತರೆ ಆಗಲ್ಲ ಸಾರ್, ಮುಂದಿನದಕ್ಕೆ ಕಾದು ತಿರುಗಬೇಕು” ಎಂದರು ಅವರು.

ನಾನು ಕ್ರೈಸ್ತಳಲ್ಲ. ಬರಬಹುದಾ?

ಬನ್ನಿ. ಯಾರೂ ನಿಮ್ಮಿಂದ ಏನನ್ನೂ ಬರೆಸಿಕೊಳ್ಳುವುದಿಲ್ಲ. ದೇವರು, ಭಕ್ತಿ, ಕೃಪೆ, ವೇದ, ಈ ಪದಗಳನ್ನೆಲ್ಲ ನಮ್ಮ ಹಿರಿಯರು ನಿಮ್ಮ ಮನೆಯಿಂದಲೇ ಎರವಲು ತಂದದ್ದು. ಉಪ್ಪಿನ ತಿಂಗಳಲ್ಲಿ ಪಕ್ಕದ ಬೀದಿಯ ಒಬ್ಬ ಅಮ್ಮ ಬಂದಿದ್ದರು. ಮುಸ್ಸಂಜೆ ಮೇಲೆ ಉಪ್ಪು ಕಡ ಕೊಡಬಾರದು ಎಂಬ ಪದ್ಧತಿಯನ್ನು ಅವರು ವಿವರಿಸಿದ್ದು ನನ್ನ ಟಿಪ್ಪಣಿಯಲ್ಲಿ ಅರ್ಧ ಪುಟ ಇದೆ.

ಮಕ್ಕಳಿಗೆ ಇದೆಲ್ಲ ಅರ್ಥವಾಗುತ್ತದಾ?

ನಮಗಿಂತ ಬೇಗ. “ಯೆಹೋವನು ನನಗೆ ಕುರುಬನು” ಎಂದು ಬಾಯಿಪಾಠ ಒಪ್ಪಿಸಿದ ಏಳು ವರ್ಷದ ಹುಡುಗಿ, ಕುರುಬ ಎಂದರೆ ಯಾರು ಎಂದು ಕೇಳಿದಳು. ಅಪಾರ್ಟ್‌ಮೆಂಟಿನ ಮಗು. ಅವಳಿಗೆ ಕುರಿ ಗೊತ್ತಿದ್ದದ್ದು ಬೈಗುಳವಾಗಿ. ಹಾಗಾಗಿ ಒಂದು ಶನಿವಾರ ನಾಲ್ಕೈದು ಮಕ್ಕಳನ್ನು ದೇವನಹಳ್ಳಿಯ ಆಚೆ ಕರೆದುಕೊಂಡು ಹೋದೆವು. ಯಾರದೋ ಹೊಲದಲ್ಲಿ, ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿದ್ದರು. ರಾತ್ರಿ ಹೊಲದಲ್ಲೇ ಮಲಗುತ್ತೇನೆ, ನಾಯಿ ಇದೆ, ಆದರೂ ಅರೆನಿದ್ದೆಯೇ ಎಂದರು ಆ ಕುರಿ ಕಾಯುವವರು. ಇಷ್ಟೊಂದು ಕುರಿಗೆ ಹೆಸರಿದೆಯಾ ಎಂದು ಹುಡುಗಿ ಕೇಳಿದಳು. “ಹೆಸರ್ಯಾಕವ್ವ, ಮುಖ ಗೊತ್ತಲ್ಲ” ಎಂದರು. ವಾಪಸ್ ಬರುವಾಗ ವ್ಯಾನಿನಲ್ಲಿ ಜಗಳ. ಯೋಹಾನ 10:3ರಲ್ಲಿ ಹೆಸರು ಹಿಡಿದು ಕರೆಯುತ್ತಾನೆ ಎಂದಿದೆ, ಹಾಗಾದರೆ ಯಾರು ಸರಿ? ಆ ಜಗಳ ಇನ್ನೂ ಮುಗಿದಿಲ್ಲ, ಭಾನುವಾರ ಶಾಲೆಯಲ್ಲಿ ಎರಡು ಪಕ್ಷಗಳಾಗಿವೆ.

ಮುಂದಿನ ತಿಂಗಳ ಪದ ಯಾವುದು?

ಬಾಗಿಲು. ಪ್ರಕಟನೆ 3:20 ಓದಿಕೊಂಡು ಬನ್ನಿ. ಊಟದ ಪಾರ್ಸೆಲ್ ತಂದ ಹುಡುಗನಿಗೆ ಬಾಗಿಲು ತೆರೆಯದೆ ‘ಅಲ್ಲೇ ಇಟ್ಟು ಹೋಗಪ್ಪ’ ಎಂದು ಕೊನೆಯ ಸಲ ಯಾವಾಗ ಹೇಳಿದಿರಿ ಎಂಬುದನ್ನೂ ನೆನಪು ಮಾಡಿಕೊಂಡು ಬನ್ನಿ. ಆರಾಧನೆ ಹತ್ತೂವರೆಗೆ ಮುಗಿಯುತ್ತದೆ. ಟೀ ಇರುತ್ತದೆ, ಬಿಸ್ಕತ್ತು ಯಾರಾದರೂ ತಂದರೆ.